ಆಕಳಿಸಿದ ಬಾಯಿ ಮುಚ್ಚಲೇ ಇಲ್ಲ!

ಡಿಸೆಂಬರ್ ತಿಂಗಳ ಅತ್ತಿಗುಂಡಿಯಲ್ಲಿ ಬೆಳಿಗ್ಗೆ ಎಂಟಾದರೂ ಮಂಜು ಅಂಗಳ ಬಿಟ್ಟು ಏಳುವುದಿಲ್ಲ. ಅದರಲ್ಲೂ ಅದು ಅರೇಬಿಕಾ ಹಣ್ಣಿನ ಕೊಯ್ಲಿನ ಕಾಲ. ತೋಟದ ಮನೆಯ ಹೆಂಗಸರಿಗೆ ಐದು ಗಂಟೆಗೇ ಬೆಳಗಾಗುತ್ತದೆ. ಆಳುಗಳಿಗೆ ಕಾಫಿ, ಮನೆಯವರಿಗೆ ತಿಂಡಿ, ಕಣದಲ್ಲಿ ಹಣ್ಣು ಹರವುವವರಿಗೆ ಬುತ್ತಿ. ನಾಲ್ಕು ದಿನ ಕೈಗೊದಗೋಣವೆಂದು ನಾನೂ ಅಕ್ಕನ ಮನೆಗೆ ಹೋಗಿದ್ದೆ. ಆ ಬೆಳಿಗ್ಗೆ ಅಕ್ಕ ಹಂಡೆ ಒಲೆಗೆ ಉರಿ ಹಾಕಿ ಬಂದು, ಡಿಕಾಕ್ಷನ್ ಇಳಿಯುವುದನ್ನೇ ಕಾಯುತ್ತಾ ನಿಂತವಳು, ದೊಡ್ಡದೊಂದು ಆಕಳಿಕೆ ತೆಗೆದಳು. ಅಷ್ಟೇ. ತೆರೆದ ಬಾಯಿ ತೆರೆದೇ ಉಳಿಯಿತು.

ಭಾವನಿಗೆ ಮೊದಲು ನಗು. "ಏನೇ ಇದು, ಬೆಳಗ್ಗೆ ಬೆಳಗ್ಗೆ ತಮಾಷೆ?" ಎಂದರು. ಅಕ್ಕ "ಆ... ಆ..." ಎನ್ನುತ್ತಾ ಎರಡು ಕೈಯಿಂದಲೂ ಕೆನ್ನೆ ಹಿಡಿದುಕೊಂಡು ಕುಸಿದು ಕೂತಾಗ ನಗು ಹಾರಿಹೋಯಿತು. ಜೊಲ್ಲು ಸುರಿಯುತ್ತಿತ್ತು. ಗಲ್ಲ ಮುಂದಕ್ಕೆ ಚಾಚಿಕೊಂಡು, ಮುಖ ಉದ್ದವಾಗಿ, ನಮ್ಮಕ್ಕನೇ ಅಲ್ಲವೇನೋ ಅನ್ನುವ ಹಾಗೆ ಕಾಣುತ್ತಿದ್ದಳು.

ಮುಂದಿನ ಮೂರು ಗಂಟೆ ಆ ಮನೆಯಲ್ಲಿ ನಡೆದದ್ದನ್ನು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ನಾನೂ ಅಲ್ಲೇ ಇದ್ದೆನಲ್ಲ! ಅಕ್ಕನ ಅತ್ತೆಯವರು, "ಕತ್ತಲಲ್ಲಿ ಹಿತ್ತಲ ಕಡೆ ಹೋಗಬೇಡ ಅಂತ ಎಷ್ಟು ಸಲ ಬಡ್ಕೊಂಡೆ, ಏನೋ ಸೋಕಿದೆ" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ತೋಟದ ರೈಟರು ಬಂದು ನೋಡಿ, "ಅಮ್ಮಾವ್ರಿಗೆ ಲಕ್ವ ಹೊಡೆದಂಗಿದೆ" ಎಂದುಬಿಟ್ಟರು. ಪಕ್ಕದ ಮನೆಯಾಕೆ ಗಲ್ಲ ಹಿಡಿದು ಮೇಲಕ್ಕೆ ಒತ್ತಿದ ಒತ್ತಿಗೆ ಅಕ್ಕನ ಕಣ್ಣಲ್ಲಿ ನೀರು ಬಂತು, ಬಾಯಿ ಮಾತ್ರ ಮುಚ್ಚಲಿಲ್ಲ. "ಕೆನ್ನೆಗೆ ಎರಡು ಬಿಗಿದರೆ ತಾನಾಗಿ ಕೂತ್ಕೊಳ್ಳತ್ತೆ" ಎಂದ ಮಹಾನುಭಾವರೂ ಇದ್ದರು. ಪುಣ್ಯಕ್ಕೆ ಯಾರೂ ಕೈಯೆತ್ತಲಿಲ್ಲ.

ಆದರೆ ತಡವಾಗಿದ್ದು ಇವರಿಂದಷ್ಟೇ ಅಲ್ಲ. ಭಾವ ಜೀಪು ತೆಗೆಯುತ್ತೇನೆಂದಾಗ ಅಕ್ಕನೇ ಕೈಯಾಡಿಸಿ ಬೇಡವೆಂದಳು. ಆಳುಗಳ ಹಣ್ಣಿನ ತೂಕ ಬರೆಯುವ ಪುಸ್ತಕ ಎಳೆದುಕೊಂಡು, "ಹೀಗೆ ಬಾಯಿ ಬಿಟ್ಟುಕೊಂಡು ಪೇಟೆಗೆ ಬರಲಾರೆ" ಎಂದು ಬರೆದಳು. ಕೊಯ್ಲಿಗೆ ಬಂದ ಆಳುಗಳೆಲ್ಲ ತೋಟಕ್ಕೆ ಇಳಿದು ಅಂಗಳ ಖಾಲಿಯಾಗುವ ತನಕ ಅವಳು ಹೊಸ್ತಿಲು ದಾಟಲಿಲ್ಲ. ಅಷ್ಟು ಹೊತ್ತಿಗೆ ಗಿರಿಗೆ ಬರುವ ಪ್ರವಾಸಿಗರ ಕಾರುಗಳು ಸಾಲುಗಟ್ಟಿದ್ದವು. ತಿರುವುಗಳನ್ನು ಇಳಿದು, ಕೈಮರ ದಾಟಿ, ಪೇಟೆಯ ಆಸ್ಪತ್ರೆ ಮುಟ್ಟುವಾಗ ಹತ್ತು ಗಂಟೆ ಮೀರಿತ್ತು.

ಅಲ್ಲಿ ಡಾಕ್ಟರು ಏನು ಮಾಡಿದರು ಗೊತ್ತೇ? ಕಿವಿಯ ಮುಂದೆ ಬೆರಳಿಟ್ಟು ನೋಡಿದರು. ಬಿದ್ದದ್ದು, ಪೆಟ್ಟಾದದ್ದು ಏನಾದರೂ ಉಂಟೇ ಎಂದು ಕೇಳಿದರು. ಸ್ನಾಯು ಸಡಿಲಾಗಲೆಂದು ಒಂದು ಇಂಜೆಕ್ಷನ್ ಕೊಟ್ಟರು. ಅಕ್ಕನನ್ನು ತಗ್ಗಿನ ಕುರ್ಚಿಯಲ್ಲಿ, ತಲೆ ಗೋಡೆಗೆ ಆನುವಂತೆ ಕೂರಿಸಿದರು. ತಮ್ಮ ಎರಡು ಹೆಬ್ಬೆರಳಿಗೂ ದಪ್ಪಗೆ ಬಟ್ಟೆ ಸುತ್ತಿಕೊಂಡು, ಬಾಯೊಳಗೆ ಹಾಕಿ, ಕೆಳಗೆ ಒತ್ತಿ ಹಿಂದಕ್ಕೆ ದೂಡಿದರು. 'ಟಕ್' ಎಂದಿತು. ಬಾಯಿ ಮುಚ್ಚಿತು. ಎರಡು ನಿಮಿಷದ ಕೆಲಸ. ಅಕ್ಕ ಮೊದಲು ಆಡಿದ ಮಾತು, "ಹಾಲು ಉಕ್ಕಿಹೋಯ್ತೇನೋ" ಅಂತ!

"ಐದು ಗಂಟೆಗೆ ಆಗಿದ್ದಕ್ಕೆ ಹತ್ತು ಗಂಟೆಗೆ ಬರ್ತೀರಲ್ಲಮ್ಮ" ಎಂದು ಡಾಕ್ಟರು ನನ್ನ ಮುಖ ನೋಡಿದರು. "ತಡ ಆದಷ್ಟೂ ಸ್ನಾಯು ಬಿಗೀತದೆ. ಆಗಲೇ ಬಂದಿದ್ರೆ ಈ ಇಂಜೆಕ್ಷನ್ನೂ ಬೇಕಿರಲಿಲ್ಲವೇನೋ." ಈ ಒಂದು ಮಾತನ್ನು ನಿಮಗೆ ಮುಟ್ಟಿಸಲೆಂದೇ ಇಷ್ಟು ಬರೆಯಲು ಕೂತಿದ್ದೇನೆ.

ಕಿವಿಯ ಮುಂದಿನ ಕೀಲು

ಒಂದು ಕೆಲಸ ಮಾಡಿ. ಎರಡು ತೋರುಬೆರಳನ್ನೂ ಕಿವಿಯ ಮುಂದೆ ಇಟ್ಟುಕೊಂಡು ನಿಧಾನವಾಗಿ ಬಾಯಿ ತೆರೆದು ಮುಚ್ಚಿ. ಬೆರಳಡಿ ಗುಂಡಗಿನ ಏನೋ ಒಂದು ಮುಂದೆ ಹೋಗಿ ಹಿಂದೆ ಬರುವುದು ತಿಳಿಯುತ್ತದಲ್ಲವೇ? ಅದೇ ಕೆಳದವಡೆಯ ತಲೆ. ತಲೆಬುರುಡೆಯಲ್ಲಿ ಅದಕ್ಕೊಂದು ಗುಳಿ ಉಂಟು, ಗುಳಿಯ ಮುಂದೆ ಒಂದು ಸಣ್ಣ ದಿಣ್ಣೆ ಉಂಟು. ಬಾಗಿಲ ತಿರುಗಣಿಯ ಹಾಗೆ ಇದ್ದಲ್ಲೇ ತಿರುಗುವ ಕೀಲಲ್ಲ ಇದು. ತಿರುಗುತ್ತಲೇ ಜಾರುವ ಕೀಲು. ಬಾಯಿ ಅಗಲಿಸಿದಾಗ ದವಡೆಯ ತಲೆ ಗುಳಿಯಿಂದ ದಿಣ್ಣೆಯ ಕಡೆಗೆ ಜಾರುತ್ತದೆ, ಮುಚ್ಚಿದಾಗ ಮರಳಿ ಬರುತ್ತದೆ.

ಕೆಲವೊಮ್ಮೆ ಅದು ದಿಣ್ಣೆಯನ್ನೇ ದಾಟಿ ಆಚೆ ಬೀಳುತ್ತದೆ. ಆಗ ಶುರುವಾಗುವುದೇ ಫಜೀತಿ. ಅಗಿಯುವ ಸ್ನಾಯುಗಳು ನಮ್ಮ ದೇಹದ ಬಲವಾದ ಸ್ನಾಯುಗಳಲ್ಲಿ ಸೇರಿದವು. ಗಾಬರಿ, ನೋವು ಎರಡೂ ಸೇರಿ ಅವು ಸೆಡೆತುಕೊಂಡು ದವಡೆಯನ್ನು ಮೇಲಕ್ಕೆಳೆಯುತ್ತವೆ. ಮೇಲಕ್ಕೆಳೆದಷ್ಟೂ ಅದು ದಿಣ್ಣೆಯ ಆಚೆಗೇ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ನಮ್ಮ ಗಿರಿಯ ದಾರಿಯಲ್ಲಿ ಉಬ್ಬು ದಾಟಿ ಗುಂಡಿಗಿಳಿದ ಜೀಪಿನ ಚಕ್ರದಂತೆ, ಸುಮ್ಮನೆ ಹಿಂದಕ್ಕೆ ದೂಡಿದರೆ ಬಾರದು. ಮೊದಲು ಅದು ಉಬ್ಬನ್ನು ತಪ್ಪಿಸಿಕೊಳ್ಳಬೇಕು. ಅದಕ್ಕೇ ಡಾಕ್ಟರು ಮೊದಲು ಕೆಳಗೆ, ಆಮೇಲೆ ಹಿಂದಕ್ಕೆ ಒತ್ತುವುದು. ನಮ್ಮ ಪಕ್ಕದ ಮನೆಯಾಕೆ ಮಾಡಿದ್ದು ಇದಕ್ಕೆ ತದ್ವಿರುದ್ಧ.

ಇದಕ್ಕೆ ಆಕಳಿಕೆಯೇ ಆಗಬೇಕೆಂದಿಲ್ಲ. ಬಿದ್ದು ಬಿದ್ದು ನಕ್ಕಾಗ, ದೊಡ್ಡ ತುತ್ತಿಗೆ ಬಾಯಿ ಹಿಗ್ಗಿಸಿದಾಗ, ಜೋರಾಗಿ ವಾಂತಿಯಾದಾಗ, ಹಲ್ಲು ಕೀಳಿಸಲು ಬಹಳ ಹೊತ್ತು ಬಾಯಿ ತೆರೆದು ಕೂತಾಗ, ಫಿಟ್ಸ್ ಬಂದಾಗಲೂ ದವಡೆ ಜಾರುವುದುಂಟು. ಹುಟ್ಟಿನಿಂದಲೇ ಕೀಲುಗಳು ಸಡಿಲಾಗಿರುವವರಿಗೆ ಸಾಧ್ಯತೆ ಹೆಚ್ಚು. ಸಾಮಾನ್ಯವಾಗಿ ಎರಡು ಕಡೆಯೂ ಒಟ್ಟಿಗೆ ಜಾರುತ್ತದೆ. ಒಂದೇ ಕಡೆ ಜಾರಿದರೆ ಗಲ್ಲ ಇನ್ನೊಂದು ಕಡೆಗೆ ಸೊಟ್ಟಗಾಗಿರುತ್ತದೆ. ಲಕ್ವವೆಂದು ಜನ ಗಾಬರಿ ಬೀಳುವುದು ಇದನ್ನು ನೋಡಿಯೇ.

ಹಾಗಾದರೆ ಲಕ್ವ ಅಲ್ಲವೆಂದು ತಿಳಿಯುವುದು ಹೇಗೆ? ಲಕ್ವವಾದವರಿಗೆ ಬಾಯಿ ಒಂದು ಕಡೆ ಜೋತಿರಬಹುದು, ಆದರೆ ದವಡೆಯನ್ನು ಮುಚ್ಚಿ ಹಲ್ಲು ಕೂಡಿಸಲು ಬರುತ್ತದೆ. ಎರಡೂ ಕೈ ಮುಂದೆ ಚಾಚಿ ಎಂದರೆ ಒಂದು ಕೈ ಇಳಿದುಬಿಡುತ್ತದೆ, ಮಾತು ತೊದಲುತ್ತದೆ. ದವಡೆ ಜಾರಿದವರಿಗೆ ಕೈಕಾಲು ಸರಿಯಾಗಿರುತ್ತದೆ, ಬುದ್ಧಿ ಚುರುಕಾಗಿರುತ್ತದೆ, ಹಲ್ಲು ಮಾತ್ರ ಕೂಡುವುದಿಲ್ಲ. ಕಿವಿಯ ಮುಂದೆ ಒತ್ತಿ ನೋಡಿದರೆ ಅಲ್ಲಿ ಹಳ್ಳ ಬಿದ್ದಿರುತ್ತದೆ. ಧನುರ್ವಾಯುವಿನಲ್ಲಿ ಇದರ ಉಲ್ಟಾ, ಬಾಯಿ ತೆರೆಯಲೇ ಆಗದು. ಆದರೆ ಇದನ್ನೆಲ್ಲ ತೀರ್ಮಾನ ಮಾಡುತ್ತಾ ಮನೆಯಲ್ಲಿ ಕೂರಬೇಡಿ. ಮೂರರಲ್ಲಿ ಯಾವುದಾದರೂ ದಾರಿ ಒಂದೇ, ಅದು ಆಸ್ಪತ್ರೆಯ ದಾರಿ. ಲಕ್ವವಾದರಂತೂ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಹಲ್ಲಿಲ್ಲದ ಅಜ್ಜಿಯರನ್ನು ಗಮನಿಸಿ

ಡಾಕ್ಟರು ಹೇಳಿದ ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ನಮ್ಮಕ್ಕನಂಥವರದು ಯಾರಿಗಾದರೂ ಕಣ್ಣಿಗೆ ಬೀಳುತ್ತದೆ. ಕಷ್ಟ ಇರುವುದು ಬಹಳ ವಯಸ್ಸಾದವರಲ್ಲಿ. ಹಲ್ಲೆಲ್ಲ ಬಿದ್ದ, ಮರೆವು ಹಿಡಿದ, ಹಾಸಿಗೆ ಹಿಡಿದ ಅಜ್ಜಿಯೊಬ್ಬಳಿಗೆ ದವಡೆ ಜಾರಿದರೆ ಹೇಳಿಕೊಳ್ಳಲು ಅವಳಿಗೆ ಬಾರದು. ಮೊದಲೇ ಬಾಯಿ ಬಿಟ್ಟುಕೊಂಡು ಮಲಗುವ ಅಭ್ಯಾಸ. ಮನೆಯವರು, "ಅಜ್ಜಿ ಯಾಕೋ ಊಟ ಬಿಟ್ಟಿದ್ದಾರೆ, ಜೊಲ್ಲು ಜಾಸ್ತಿಯಾಗಿದೆ, ಇನ್ನೇನು ವಯಸ್ಸಾಯ್ತು" ಎಂದು ಸುಮ್ಮನಾಗಿಬಿಡುತ್ತಾರೆ. ಹೀಗೆ ವಾರಗಟ್ಟಲೆ ಕಳೆದರೆ ಕೀಲಿನ ಸುತ್ತ ನಾರು ಬೆಳೆದು ಅಂಟಿಕೊಳ್ಳುತ್ತದೆ. ಆಮೇಲೆ ಕೈಯಿಂದ ಕೂರಿಸಲು ಆಗದೆ, ಪ್ರಜ್ಞೆ ತಪ್ಪಿಸಿ ಆಪರೇಷನ್ನೇ ಮಾಡಬೇಕಾಗಬಹುದು. ಆ ವಯಸ್ಸಿನಲ್ಲಿ ಅದು ಸಣ್ಣ ಮಾತೇ? ಆದ್ದರಿಂದ ಮನೆಯ ಹಿರಿಯರು ಇದ್ದಕ್ಕಿದ್ದಂತೆ ಉಣ್ಣುವುದು ಬಿಟ್ಟರೆ, ಗಲ್ಲ ಮುಂದೆ ಬಂದಂತೆ ಕಂಡರೆ, ಎರಡು ತುಟಿ ಕೂಡದೆ ಹೋದರೆ, ಒಮ್ಮೆ ಕಿವಿಯ ಮುಂದೆ ಬೆರಳಿಟ್ಟು ನೋಡಿ. ಅಜ್ಜಿಗೆ ಎಣ್ಣೆ ಹಚ್ಚುವವರು, ಬಾಯಿ ಒರೆಸುವವರು ನಾವೇ ತಾನೇ. ನಮಗಲ್ಲದೆ ಬೇರೆ ಯಾರಿಗೆ ತಿಳಿಯಬೇಕು?

ಮಾತ್ರೆಯಿಂದಲೂ ಆಗಬಹುದು

ವಾಂತಿ ನಿಲ್ಲಲು ಕೊಡುವ ಕೆಲವು ಔಷಧಿಗಳು, ಮನಸ್ಸಿನ ಕಾಯಿಲೆಗೆ ಕೊಡುವ ಕೆಲವು ಔಷಧಿಗಳು ಕೆಲವರಿಗೆ, ಅದರಲ್ಲೂ ಹರೆಯದವರಿಗೆ, ಮುಖ ಕತ್ತಿನ ಸ್ನಾಯುಗಳನ್ನು ಸೆಡೆಸಿಬಿಡುತ್ತವೆ. ದವಡೆ ತಿರುಚಿಕೊಳ್ಳುತ್ತದೆ, ನಾಲಿಗೆ ಹೊರಚಾಚುತ್ತದೆ, ಕಣ್ಣು ಮೇಲೆ ಹೋಗುತ್ತದೆ. ಕೆಲವೊಮ್ಮೆ ಇದರಿಂದ ದವಡೆ ಜಾರುವುದೂ ಉಂಟು. ನೋಡಿದವರು ದೆವ್ವ ಮೆಟ್ಟಿದೆ ಎಂದೇ ತಿಳಿಯುತ್ತಾರೆ. ಪಾಪ, ಆ ಹುಡುಗಿಗೆ ಬೇಕಾದದ್ದು ಮಂತ್ರವಾದಿಯಲ್ಲ, ಒಂದು ಇಂಜೆಕ್ಷನ್. ಸರಿಯಾದ ಔಷಧಿ ಬಿದ್ದರೆ ಸ್ವಲ್ಪ ಹೊತ್ತಿನಲ್ಲೇ ಇಳಿಯುತ್ತದೆ. ಆದಕಾರಣ ಹಿಂದಿನ ಎರಡು ಮೂರು ದಿನ ನುಂಗಿದ ಮಾತ್ರೆಗಳ ಚೀಟಿ, ಖಾಲಿ ಪಟ್ಟಿ, ಏನಿದ್ದರೂ ಸೀರೆಯ ಗಂಟಿಗೆ ಕಟ್ಟಿಕೊಂಡೇ ಆಸ್ಪತ್ರೆಗೆ ಹೊರಡಿ.

ಮನೆಯಲ್ಲಿ ಮಾಡಬೇಕಾದದ್ದು

ಆಸ್ಪತ್ರೆ ಮುಟ್ಟುವ ತನಕ ರೋಗಿಯನ್ನು ಕೂರಿಸಿ, ಅಂಗಾತ ಮಲಗಿಸಬೇಡಿ. ತುಸು ಮುಂದಕ್ಕೆ ಬಾಗಿ ಕೂತರೆ ಜೊಲ್ಲು ಗಂಟಲಿಗಿಳಿಯದೆ ಹೊರಗೆ ಹೋಗುತ್ತದೆ. ಮಡಿಲಲ್ಲಿ ಒಂದು ಒಗೆದ ಟವೆಲ್ಲು ಹಾಕಿ. ಕೃತಕ ಹಲ್ಲಿನ ಸೆಟ್ಟು ಸುಲಭವಾಗಿ ಬಂದರೆ ತೆಗೆದಿಡಿ, ಬಾರದಿದ್ದರೆ ಎಳೆದಾಡಬೇಡಿ. ಗಲ್ಲದ ಕೆಳಗೆ ಕೈಯೋ ಬಟ್ಟೆಯೋ ಆಸರೆಯಾಗಿ ಹಿಡಿಯಬಹುದು, ಮೇಲಕ್ಕೆ ಬಿಗಿದು ಕಟ್ಟಬಾರದು. "ಗಾಬರಿಯಾಗಿದ್ದಾಳೆ, ಒಂದು ಗುಟುಕು ಕಾಫಿ ಕೊಡಿ" ಎನ್ನುವವರು ನಮ್ಮ ಕಡೆ ಬಹಳ. ಕೊಡಲೇಬೇಡಿ. ನುಂಗಲು ಆಗದೆ ಉಸಿರಿನ ನಾಳಕ್ಕೆ ಹೋದೀತು. ಮೇಲಾಗಿ, ಡಾಕ್ಟರು ಮತ್ತು ಬರುವ ಔಷಧಿ ಕೊಡಬೇಕಾದರೆ ಹೊಟ್ಟೆ ಖಾಲಿ ಇದ್ದಷ್ಟೂ ಒಳ್ಳೆಯದು. ಬಿದ್ದೋ ಪೆಟ್ಟಾಗಿಯೋ ದವಡೆ ಜಾರಿದ್ದರೆ, ರಕ್ತ ಬರುತ್ತಿದ್ದರೆ, ಉಸಿರಿಗೆ ಕಷ್ಟವಾದರೆ ಮೂಳೆ ಮುರಿದಿರಲೂಬಹುದು. ಆಗ ಒಂದು ಚಣವೂ ತಡ ಸಲ್ಲದು. ಮನೆಯಲ್ಲಿ ವಾಹನವಿಲ್ಲದವರಿಗೆ 2008ರಿಂದ ನಮ್ಮ ರಾಜ್ಯದಲ್ಲಿ 108ರ ಆಂಬುಲೆನ್ಸ್ ಇದ್ದೇ ಇದೆ.

ಎಲ್ಲಿಗೆ ಹೋಗುವುದು? ಚಿಕ್ಕಮಗಳೂರಿಗೆ ಹತ್ತಿರದವರು ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬಹುದು, ಮೂಡಿಗೆರೆಯ ಕಡೆಯವರು ತಾಲ್ಲೂಕು ಆಸ್ಪತ್ರೆಗೆ. ಇದನ್ನು ಕೂರಿಸಲು ದಂತವೈದ್ಯರಿಗೂ ಬರುತ್ತದೆ ಎನ್ನುವುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಬಾಯಿ ಮತ್ತು ದವಡೆಯ ಶಸ್ತ್ರವೈದ್ಯರು ಇದ್ದರಂತೂ ಇದು ಅವರ ದಿನನಿತ್ಯದ ವಿದ್ಯೆ.

"ಬರೀ ಒತ್ತುವುದೇ ತಾನೇ, ನಾವೇ ಮಾಡಿದರಾಯಿತು" ಎಂದು ಯಾರಾದರೂ ಮುಂದೆ ಬಂದರೆ ತಡೆಯಿರಿ. ದವಡೆ ಕೂರುವ ಕ್ಷಣದಲ್ಲಿ ಹಲ್ಲು ಫಟ್ಟೆಂದು ಮುಚ್ಚಿಕೊಳ್ಳುತ್ತದೆ, ಒಳಗಿರುವ ಹೆಬ್ಬೆರಳಿನ ಗತಿ ಏನು! ಡಾಕ್ಟರು ಬಟ್ಟೆ ಸುತ್ತಿಕೊಂಡಿದ್ದು ಸುಮ್ಮನೆ ಅಲ್ಲ. ಮುರಿದ ದವಡೆಯನ್ನು ಜಾರಿದ್ದೆಂದು ಒತ್ತಿದರೆ ಇನ್ನೂ ಅನಾಹುತ.

ಹೆಬ್ಬೆರಳಿನ ವಿದ್ಯೆ ಇಂದಿನದಲ್ಲ. ಈಜಿಪ್ಟಿನಲ್ಲಿ ಸಿಕ್ಕಿದ, ಸುಮಾರು 3,600 ವರ್ಷ ಹಳೆಯ ಒಂದು ವೈದ್ಯಗ್ರಂಥದ ಸುರುಳಿಯಲ್ಲಿ ಹೆಬ್ಬೆರಳು ಬಾಯೊಳಗೆ, ಉಳಿದ ಬೆರಳು ಗಲ್ಲದ ಕೆಳಗೆ ಇಟ್ಟು ಕೂರಿಸುವ ಕ್ರಮ ಇದೆ. ಗ್ರೀಸಿನ ಹಿಪೊಕ್ರಾಟಿಸ್ ಹೆಸರಿನಲ್ಲೇ ಈ ಪದ್ಧತಿಯನ್ನು ಇಂದಿಗೂ ಕರೆಯುತ್ತಾರೆ. ನಮ್ಮವರೇನು ಕಡಿಮೆಯೇ? ಚರಕ ಸಂಹಿತೆಯ ವಾತವ್ಯಾಧಿಯ ಅಧ್ಯಾಯದಲ್ಲಿ, ತೆರೆದ ಬಾಯಿ ಮುಚ್ಚದವರಿಗೆ ದವಡೆಗೆ ಶಾಖ ಕೊಟ್ಟು, ಹೆಬ್ಬೆರಳುಗಳಿಂದ ಒತ್ತಿ, ತೋರುಬೆರಳುಗಳಿಂದ ಗಲ್ಲವನ್ನು ಮೇಲೆತ್ತಬೇಕೆಂದು ಹೇಳಿದೆ. ಕೂರಿಸಿದ ಮೇಲೆ 'ಪಂಚಾಂಗಿ' ಎಂಬ ಕಟ್ಟು ಕಟ್ಟಬೇಕೆಂದು ಸುಶ್ರುತ ಹೇಳಿದ್ದಾನೆ. ಶಾಖ ಏಕೆಂದರೆ ಸ್ನಾಯು ಸಡಿಲಾಗಲಿ ಅಂತ. ನಮ್ಮ ಡಾಕ್ಟರ ಇಂಜೆಕ್ಷನ್ನಿನ ಉದ್ದೇಶವೂ ಅದೇ ಅಲ್ಲವೇ!

ಈಚೆಗೆ ಹೊಸದೊಂದು ಉಪಾಯವೂ ಬಂದಿದೆ. ಸೂಜಿಯಿಲ್ಲದ ಖಾಲಿ ಸಿರಿಂಜನ್ನು ಹಿಂದಿನ ಮೇಲಿನ ಕೆಳಗಿನ ದವಡೆ ಹಲ್ಲುಗಳ ನಡುವೆ ಇಟ್ಟು, ರೋಗಿಯೇ ಅದನ್ನು ಮೆಲ್ಲಗೆ ಕಚ್ಚಿ ಹಿಂದೆ ಮುಂದೆ ಉರುಳಿಸುವುದು. ಉರುಳುತ್ತಾ ಉರುಳುತ್ತಾ ದವಡೆ ತಾನಾಗಿ ದಿಣ್ಣೆ ತಪ್ಪಿಸಿಕೊಂಡು ಹಿಂದೆ ಸರಿಯುತ್ತದೆ. 2014ರಲ್ಲಿ ಅಮೆರಿಕದ ತುರ್ತು ಚಿಕಿತ್ಸೆಯ ವೈದ್ಯರು ಪ್ರಕಟಿಸಿದ ವರದಿಯ ಪ್ರಕಾರ 31 ರೋಗಿಗಳಲ್ಲಿ 30 ಮಂದಿಗೆ ಇದರಿಂದ ಗುಣ ಸಿಕ್ಕಿತು, ಹೆಚ್ಚಿನವರಿಗೆ ಒಂದೇ ನಿಮಿಷದೊಳಗೆ. ಇಂಜೆಕ್ಷನ್ನಿಲ್ಲ, ಡಾಕ್ಟರ ಬೆರಳಿಗೆ ಅಪಾಯವೂ ಇಲ್ಲ. ಆದರೂ ಇದು ಆಸ್ಪತ್ರೆಯಲ್ಲಿ, ಮೂಳೆ ಮುರಿದಿಲ್ಲವೆಂದು ನೋಡಿದ ಮೇಲೆ ಮಾಡುವಂಥದು. ಓದಿದ ಕೂಡಲೇ ಮನೆಯಲ್ಲಿ ಪ್ರಯೋಗ ಬೇಡ.

ಮೂರು ವಾರದ ಪಥ್ಯ

ಬಾಯಿ ಮುಚ್ಚಿತೆಂದರೆ ಮುಗಿಯಲಿಲ್ಲ. ಎಳೆದುಹೋದ ಕಟ್ಟುಗಳು ಮತ್ತೆ ಬಿಗಿಯಾಗಲು ಎರಡು ಮೂರು ವಾರ ಬೇಕು. ಅಷ್ಟು ದಿನ ಎರಡು ಬೆರಳಿನ ಅಗಲಕ್ಕಿಂತ ಹೆಚ್ಚು ಬಾಯಿ ತೆರೆಯಬಾರದು. ಆಕಳಿಕೆ ಬಂದಾಗ ಮುಷ್ಟಿ ಕಟ್ಟಿ ಗಲ್ಲದ ಕೆಳಗೆ ಒತ್ತಿ ಹಿಡಿಯಬೇಕು. ಅಕ್ಕಿರೊಟ್ಟಿ, ಚಕ್ಕುಲಿ, ಹಲಸಿನ ಹಪ್ಪಳ, ಕಬ್ಬು ಇವೆಲ್ಲಕ್ಕೂ ರಜೆ. ಕಡುಬನ್ನು ಸಾರಿನಲ್ಲಿ ನೆನೆಸಿ, ಚೂರು ಚೂರು ಮಾಡಿ ತಿನ್ನಬಹುದು.

ನಾನು ಅಕ್ಕನಿಗೆ ಮಾಡಿಕೊಟ್ಟ ಗಂಜಿ ಹೀಗೆ: ಅರ್ಧ ಲೋಟ ಅಕ್ಕಿ, ಕಾಲು ಲೋಟ ಹೆಸರುಬೇಳೆ. ಬೇಳೆಯನ್ನು ಘಮ್ಮೆನ್ನುವಷ್ಟು ಹುರಿದು, ಅಕ್ಕಿಯೊಡನೆ ತೊಳೆದು, ಆರು ಲೋಟ ನೀರು, ಚಿಟಿಕೆ ಅರಿಸಿನ ಹಾಕಿ ಕುಕ್ಕರಿನಲ್ಲಿ ಐದಾರು ಕೂಗು ಕೂಗಿಸಿ. ಕಡೆಗೋಲಿನಿಂದ ಚೆನ್ನಾಗಿ ಮಸೆದು ಉಪ್ಪು ಸೇರಿಸಿ. ತುಪ್ಪದಲ್ಲಿ ಜೀರಿಗೆ ಪುಡಿ, ಇಂಗು, ಕುಟ್ಟಿದ ಶುಂಠಿ ಒಗ್ಗರಿಸಿ. ಇಡೀ ಮೆಣಸಿನ ಕಾಳು, ಕರಿಬೇವಿನ ಎಲೆ ಬಾಯಿಗೆ ಸಿಕ್ಕಬಾರದು. ಉಣ್ಣಲು ಮಕ್ಕಳ ಚಿಕ್ಕ ಚಮಚ ಕೊಡಿ. ದೊಡ್ಡ ಚಮಚಕ್ಕೆ ದೊಡ್ಡ ಬಾಯಿ ಬೇಕಲ್ಲ!

ಅಕ್ಕ ಹತ್ತು ದಿನ ಶಿಸ್ತಾಗಿದ್ದಳು. ಆಮೇಲೆ "ಏನೂ ಆಗಲ್ಲ ಬಿಡೇ" ಎಂದು ಗಂಜಿ ಬಿಟ್ಟಳು, ಗಲ್ಲಕ್ಕೆ ಕೈ ಕೊಡುವುದನ್ನೂ ಬಿಟ್ಟಳು. ಒಮ್ಮೆ ಜಾರಿದ ದವಡೆ ಮತ್ತೆ ಜಾರಲು ದಾರಿ ಹುಡುಕುತ್ತಿರುತ್ತದೆ. ಏಪ್ರಿಲ್‌ನಲ್ಲಿ ಮೈದುನನ ಮಗನ ಮದುವೆ. ಬೀಗರೂಟದ ಪಂಕ್ತಿಯಲ್ಲಿ ಯಾರೋ ಆಡಿದ ಮಾತಿಗೆ ಎಲ್ಲರೂ ನಕ್ಕೆವು, ಅಕ್ಕನೂ ನಕ್ಕಳು, ಎಲ್ಲರ ನಗು ನಿಂತರೂ ಅವಳ ಬಾಯಿ ಹಾಗೇ ನಿಂತಿತ್ತು.

ಈ ಸಲ ಯಾರೂ ಉಪ್ಪು ನಿವಾಳಿಸಲಿಲ್ಲ. ಅಕ್ಕ ತಾನೇ ಎದ್ದು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಭಾವನಿಗೆ ಕಣ್ಣಲ್ಲೇ 'ನಡೀರಿ' ಎಂದಳು. ಮುನ್ನೂರು ಜನರ ನಡುವಿನಿಂದ ರೇಷ್ಮೆ ಸೀರೆಯಲ್ಲಿ ನೆಟ್ಟಗೆ ನಡೆದು ಜೀಪು ಹತ್ತಿದಳು. ಅರ್ಧ ಗಂಟೆಯೊಳಗೆ ಆಸ್ಪತ್ರೆಯಲ್ಲಿದ್ದರು. ಇಂಜೆಕ್ಷನ್ ಬೇಕಾಗಲಿಲ್ಲ. ಪಾಯಸ ಬಡಿಸುವ ಹೊತ್ತಿಗೆ ವಾಪಸು ಬಂದು ಪಂಕ್ತಿಯಲ್ಲಿ ಕೂತಳು.

ಮತ್ತೆ ಮತ್ತೆ ಹೀಗಾದರೆ ಅದಕ್ಕೂ ದಾರಿಗಳಿವೆ ಎಂದು ಡಾಕ್ಟರು ಹೇಳಿದ್ದಾರೆ. ರೋಗಿಯದೇ ರಕ್ತವನ್ನು ಸ್ವಲ್ಪ ತೆಗೆದು ಕೀಲಿಗೆ ಚುಚ್ಚಿ, ಅಲ್ಲಿ ನಾರುಗಟ್ಟಿ ಬಿಗಿಯಾಗುವಂತೆ ಮಾಡುವುದೊಂದು. ಸೆಡೆತುಕೊಳ್ಳುವ ಸ್ನಾಯುವಿಗೆ ಇಂಜೆಕ್ಷನ್ ಕೊಟ್ಟು ಕೆಲವು ತಿಂಗಳು ಸಡಿಲಿಸುವುದು ಇನ್ನೊಂದು. ಯಾವುದಕ್ಕೂ ಬಗ್ಗದಿದ್ದರೆ ಆ ದಿಣ್ಣೆಯನ್ನೇ ಕೊರೆದು ತಗ್ಗಿಸುವ ಆಪರೇಷನ್ನೂ ಉಂಟು.

ಅಕ್ಕನಿಗೆ ಇನ್ನೂ ಅಷ್ಟು ದೂರ ಹೋಗುವ ಪ್ರಸಂಗ ಬಂದಿಲ್ಲ. ಎರಡನೆಯ ಸಲದ ಮೇಲೆ ಮೂರು ವಾರದ ಪಥ್ಯವನ್ನು ಪೂರಾ ಮಾಡಿದಳು. ಈಗ ಆಕಳಿಕೆ ಬರುವ ಮೊದಲೇ ಅವಳ ಮುಷ್ಟಿ ಗಲ್ಲದ ಕೆಳಗೆ ಹೋಗಿರುತ್ತದೆ. ಕಳೆದ ತಿಂಗಳು ಅತ್ತಿಗುಂಡಿಗೆ ಹೋದಾಗ ನೋಡುತ್ತೇನೆ, ಅವಳ ಮೂರು ವರ್ಷದ ಮೊಮ್ಮಗಳು ನಿದ್ದೆಗಣ್ಣಲ್ಲಿ ಎದ್ದು ಬಂದು, ಪುಟ್ಟ ಮುಷ್ಟಿಯನ್ನು ಗಲ್ಲಕ್ಕೆ ಆನಿಸಿಕೊಂಡು ಗಂಭೀರವಾಗಿ ಆಕಳಿಸುತ್ತಿದ್ದಾಳೆ. ಆಕಳಿಸುವುದು ಹೀಗೇ ಎಂದು ಆ ಮಗು ತಿಳಿದುಕೊಂಡುಬಿಟ್ಟಿದೆ.